ಉದ್ದದ ಸೀಟು

ಶಿರ್ವದ ಗುಡ್ಡೆಯ ಗೇರುತೋಟದಲ್ಲಿ
ಶೆಡ್ಡಿನ ಗೋಡೆಗೆ ಸುಣ್ಣ ಬಳಿದು ಕೂತಿದ್ದೇನೆ,
ಒಣಗಲಿ ಎಂದು.
ಒಣಗಿದ ಮೇಲೆ ನಿಯಮ ಬರೆಯಬೇಕು.
ವಿಲ್ಮಾ ಬಾಯಿ ಪುಸ್ತಕ ಕೊಟ್ಟಿದ್ದಾರೆ,
ಗಾಡಿಯ ಜೊತೆಗೇ ಬಂದದ್ದು,
ಪ್ಲಾಸ್ಟಿಕ್ ಹರಿಯದೆ ಎರಡು ವರ್ಷ
ಕಪಾಟಿನಲ್ಲಿ ಮಲಗಿದ್ದು.

ಗಾಡಿಗೆ ನಾವಿಟ್ಟ ಹೆಸರು ಕಪ್ಪೆ.
ಹಸಿರು ಮೈ, ದಪ್ಪ ನಾಲ್ಕು ಚಕ್ರ,
ಪಾದೆಯಿಂದ ಪಾದೆಗೆ ಹಾರುವ ಚಾಳಿ.
ಬಂದ ದಿನ ಕಾಯಿ ಒಡೆದೆವು,
ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು.
ಹೆಲ್ಮೆಟ್ಟೂ ಬಂದಿತ್ತು. ಅದರೊಳಗೆ
ಬೇಬಿಯಕ್ಕನ ಹೇಂಟೆ ಕಾವಿಗೆ ಕೂತು
ಏಳು ಮರಿ ಮಾಡಿತು.

ಓಡಿಸುತ್ತಿದ್ದವ ದೇಜಪ್ಪ.
ಕಲಿಸಿದವರು ಯಾರೂ ಇಲ್ಲ.
ಸ್ಕೂಟರ್ ಬರುತ್ತದೆ, ಇದೆಂತ ದೊಡ್ಡದು ಮಾರಾಯ್ತಿ, ಎಂದ.
ಲುಂಗಿ ಮೇಲೆ ಕಟ್ಟಿ, ಬೀಡಿ ಕಚ್ಚಿ,
ಎರಡು ಗೋಣಿ ಬೀಜ ಹೇರಿ
ಗುಡ್ಡೆ ಹತ್ತುವಾಗ ನಾವೆಲ್ಲ
ಬುಟ್ಟಿ ಕೆಳಗಿಟ್ಟು ನೋಡುತ್ತಿದ್ದೆವು.
ತಲೆಹೊರೆಯಲ್ಲಿ ಇಪ್ಪತ್ತೆರಡು ನಿಮಿಷದ ದಾರಿ
ಅವನಿಗೆ ಅರ್ಧ ಬೀಡಿ.

ಎಪ್ರಿಲಿನ ಒಂದು ಮಧ್ಯಾಹ್ನ, ಕಡೆಯ ಹೊರೆ.
ಬಾ, ಕೂತುಕೋ, ಅಂದ.
ಕೂತೆ. ಯಾಕೆ ಕೂರಬಾರದು?
ಸೀಟು ಉದ್ದ ಇತ್ತು.
ಕಲ್ಲಿನ ಕೋರೆಯ ಮೇಲಿನ ಓರೆಯಲ್ಲಿ
ಅಡ್ಡಕ್ಕೆ ತಿರುಗಿಸಿದ,
ಒಣ ತರಗೆಲೆಯ ಅಡಿಯಲ್ಲಿ ಒಂದು ಬೊಡ್ಡೆ.
ಆಮೇಲೆ ಆಕಾಶ ಪಕ್ಕಕ್ಕೆ ಬಂತು.
ನಾನು ಗೋಣಿಯ ಮೇಲೆ ಬಿದ್ದೆ.
ಗಾಡಿ ಅವನ ಮೇಲೆ ಬಿತ್ತು.
ಚಕ್ರ ಎರಡು ಸುಮ್ಮನೆ ತಿರುಗುತ್ತಲೇ ಇದ್ದವು,
ನಿಲ್ಲಿಸುವುದು ಹೇಗೆಂದು
ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮಣಿಪಾಲದಲ್ಲಿ ನಲವತ್ತು ದಿನ.
ಸೊಂಟಕ್ಕೆ ಮೊಳೆ, ಕೈಗೆ ಊರುಗೋಲು.
ನಿನ್ನ ಭಾರದಿಂದಲ್ಲ, ಅನ್ನುತ್ತಾನೆ ಈಗಲೂ,
ನಾನು ಕೇಳದಿದ್ದರೂ.

ಮೊನ್ನೆ ಪುಸ್ತಕ ಬಿಡಿಸಿದೆ.
ಕಾಲೇಜಿಗೆ ಹೋಗುವ ಮಗಳು ಓದಿ ಅರ್ಥ ಹೇಳಿದಳು.
ಹನ್ನೊಂದನೆಯ ಪುಟದಲ್ಲಿತ್ತು:
ಸೀಟು ಉದ್ದ ಇರುವುದು ಇನ್ನೊಬ್ಬರಿಗಲ್ಲ,
ಓಡಿಸುವವ ಓರೆಯಲ್ಲಿ ಹಿಂದೆ ಮುಂದೆ ಸರಿದು
ತೂಕ ತೂಗಿಸಿಕೊಳ್ಳಲು.
ಅಂದರೆ
ಅವನು ಸರಿಯಬೇಕಾಗಿದ್ದ ಜಾಗದಲ್ಲಿ
ನಾನು ಕೂತಿದ್ದೆ.
ಮತ್ತೊಮ್ಮೆ ಓದು ಎಂದೆ. ಓದಿದಳು.
ಆ ಎರಡು ವರ್ಷ ನೂರು ರೂಪಾಯಿಯ ಬೀಗದ ಹಿಂದೆ
ಈ ಒಂದು ಸಾಲು ಇತ್ತು.

ಸುಣ್ಣ ಒಣಗಿತು. ಬರೆದೆ.
ಒಂದು ಸೀಟು, ಒಬ್ಬರು.
ಹೆಲ್ಮೆಟ್ ತಲೆಗೆ, ಕೋಳಿಗಲ್ಲ.
ಲುಂಗಿಯಲ್ಲಿ ಓಡಿಸಬಾರದು, ಓರೆಗೆ ಅಡ್ಡ ಹೋಗಬಾರದು,
ಕಲಿಯದವರಿಗೆ ಕೀ ಇಲ್ಲ,
ಬಾಯಿಯ ಅಳಿಯನಿಗೂ ಇಲ್ಲ.
ಮತ್ತೆ ಕೊನೆಗೆ, ಕೆಂಪು ಬಣ್ಣದಲ್ಲಿ:
ಗುಡ್ಡೆ ನಡೆದು ಹತ್ತುವ ಹೊತ್ತೂ ಕೆಲಸದ ಹೊತ್ತೇ,
ಅದಕ್ಕೂ ಸಂಬಳ.

ವಿಲ್ಮಾ ಬಾಯಿ ಬಂದು ನಿಂತರು,
ಕನ್ನಡಕ ಒರೆಸಿದರು, ಮತ್ತೆ ಹಾಕಿಕೊಂಡರು.
ಈ ಕೆಂಪಿನದ್ದು ಪುಸ್ತಕದಲ್ಲಿ ಉಂಟಾ ಶಶಿಕಲಾ?
ಪುಸ್ತಕದಲ್ಲಿ ಇಲ್ಲ ಬಾಯಿ, ಗುಡ್ಡೆಯಲ್ಲಿ ಉಂಟು.
ತುಂಬ ಹೊತ್ತು ಗೋಡೆ ನೋಡಿದರು.
ಅಳಿಸು ಅನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ.
ಶನಿವಾರ ಬಟವಾಡೆ, ಆಗ ಗೊತ್ತಾಗುತ್ತದೆ.

ಜಾರ್ಖಂಡಿನ ಮಂಗ್ರಾನಿಗೆ ನಮ್ಮ ಅಕ್ಷರ ಬರುವುದಿಲ್ಲ,
ಹಾಗಾಗಿ ಪಕ್ಕದಲ್ಲಿ ಚಿತ್ರ ಬರೆದೆ:
ಗಾಡಿ, ಗಾಡಿಯ ಮೇಲೆ ಒಬ್ಬ,
ಅವನ ಬೆನ್ನಿಗೆ ಒಬ್ಬಳು, ಸೂಡಿ ಕಟ್ಟಿದವಳು,
ಅವಳ ಮೇಲೆ ದಪ್ಪ ಗುಣಾಕಾರದ ಗೆರೆ.
ಮಂಗ್ರಾ ಚಿತ್ರ ನೋಡಿ ನನ್ನನ್ನು ನೋಡಿದ,
ತಲೆ ಆಡಿಸಿದ.

ದೇಜಪ್ಪ ಊರುಗೋಲು ಗೋಡೆಗೆ ಒರಗಿಸಿ
ಬೀಜ ಎಣಿಸುವುದನ್ನು ಬಿಟ್ಟು ಬಂದ.
ಎಲ್ಲ ಸರಿ, ಅಂದ,
ಕಪ್ಪೆಗೆ ಕಣ್ಣು ಬರೆಯಲು ಮರೆತಿದ್ದಿ.