ಇಳಿತದ ವೇಳೆ

ಬೈತಖೋಲದ ಧಕ್ಕೆಯಲ್ಲಿ ನನಗೆ ಹೆಸರಿಲ್ಲ, ಮಿಸ್ತ್ರಿ.
ಹಗಲು ಬೋಟುಗಳ ಡೀಸೆಲ್ ಎದೆ ಬಿಚ್ಚಿ ಕೂರುತ್ತೇನೆ,
ಕೆಮ್ಮು ನಿಲ್ಲಿಸುತ್ತೇನೆ.
ರಾತ್ರಿಯದೂ ಹೆಚ್ಚುಕಮ್ಮಿ ಅದೇ ಕೆಲಸ.

ಮಾಜಾಳಿ ಕಡೆಯಿಂದ ಫೋನು: ಸೋಮವಾರ ಕೋರ್ಟು,
ಅಷ್ಟರೊಳಗೆ.
ಹೆಸರು ಪುಂಡಲೀಕ ಕೊಠಾರಕರ. ಅರವತ್ತೊಂದು.
ಬಂದರು ಕಚೇರಿಯಲ್ಲಿ ಉಬ್ಬರ ಇಳಿತದ ವಹಿ ಬರೆಯುತ್ತಿದ್ದವನು,
ನಿವೃತ್ತನಾದರೂ ಬರೆಯುವುದು ಬಿಡದವನು,
ನೀರಿನ ಲೆಕ್ಕದ ಅಂಚಿಗೆ, ಪೆನ್ಸಿಲಿನಲ್ಲಿ,
ಕದ್ದ ಮರಳಿನ ದೋಣಿಗಳ ನಂಬರು ಹಾಕಿಟ್ಟವನು.

ನನಗೂ ನೀರಿನ ಲೆಕ್ಕ ಬೇಕಿತ್ತು.
ಕಾಳಿಯ ಅಳಿವೆ ಕೊಟ್ಟದ್ದನ್ನೆಲ್ಲ ಒಯ್ಯುವುದಿಲ್ಲ;
ಹೊತ್ತು ತಪ್ಪಿದರೆ ಬೆಳಗಾಗುವಷ್ಟರಲ್ಲಿ
ಬಳಚು ಹೆಕ್ಕುವ ಹೆಂಗಸರ ಕಾಲಿಗೆ ತಂದೊಗೆಯುತ್ತದೆ.
ಯಾರನ್ನು ಕೇಳಲಿ? ಇಡೀ ಕೋಡಿಬಾಗದಲ್ಲಿ
ಅದು ನಿಮಿಷದ ಮಟ್ಟಿಗೆ ಗೊತ್ತಿದ್ದವನು ಅವನೊಬ್ಬನೆ.

ಕೇಳಿದೆ.

ಚಾದಂಗಡಿಯ ಬೆಂಚಿನ ಮೇಲೆ ಪಾವ್ ಅದ್ದುತ್ತಿದ್ದ.
"ಅಮಾಸೆ ಇವತ್ತು. ಹನ್ನೊಂದು ಹತ್ತಕ್ಕೆ ತುಂಬುತ್ತದೆ.
ಅದು ಬಂದರಿನ ವೇಳೆ. ಇಲ್ಲಿಗೆ ಹನ್ನೆರಡು ನಿಮಿಷ ಸೇರಿಸಿ.
ಎಲ್ಲರೂ ಆ ಹನ್ನೆರಡು ನಿಮಿಷ ಮರೆಯುತ್ತಾರೆ."
ಆಮೇಲೆ ನನ್ನ ಕೈ ನೋಡಿದ, ಉಗುರಿನ ಸಂದಿಯ ಗ್ರೀಸು.
"ಅಸ್ಥಿಯೋ?"
ಹೂಂ ಅಂದೆ. ಆಯಿಯದು ಅಂದೆ.
ಆಯಿ ಸತ್ತು ಹದಿನೇಳು ವರ್ಷ;
ಆಗ ನಾನು ವಾಸ್ಕೋದ ಲಾಕಪ್ಪಿನಲ್ಲಿದ್ದೆ.
ಯಾರು ಬಿಟ್ಟರೋ, ಯಾವ ನೀರಿಗೋ.

"ರಾತ್ರಿ ಬಿಡಬಾರದು ಅಂತಾರೆ. ಇರಲಿ,
ನಿಮ್ಮ ಅವಸರ ನಿಮಗೇ ಗೊತ್ತು.
ಇಂಥ ಕೆಲಸಕ್ಕೆ ಒಬ್ಬರೇ ಹೋಗಬಾರದು. ನಾನೂ ಬರ್ತೇನೆ."

ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ
ಕರೆದೊಯ್ದದ್ದಿದೆ, ಹಿಂಬಾಲಿಸಿದ್ದಿದೆ, ಕಾದದ್ದಿದೆ.
ಜೊತೆಗೆ ಬರ್ತೇನೆ ಅಂದವರಿಲ್ಲ.

ಬಂದ. ಮೊಳಕಾಲ ತನಕ ಪ್ಯಾಂಟು ಮಡಚಿ,
ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ
ಎಳ್ಳಿನ ಪೊಟ್ಟಣ, ಅಬ್ಬಲಿಗೆ ದಂಡೆ.
ಬಿದ್ದ ಹಳೆ ಸೇತುವೆಯ ಕಂಬಗಳು
ಏನನ್ನೂ ಹೊರದೆ ಕತ್ತಲಲ್ಲಿ ನಿಂತಿದ್ದವು.
ಹೊಸದರ ಮೇಲೆ ಗೋವಾದ ಲಾರಿಗಳು.
ನನ್ನ ಕಂಕುಳಲ್ಲಿ ಕೆಂಪು ಬಟ್ಟೆ ಸುತ್ತಿದ ಮಡಕೆ,
ಮಡಕೆಯಲ್ಲಿ ಪಿಸ್ತೂಲು.

ನೀರು ತುಂಬಿ ನಿಂತಿತ್ತು, ಅತ್ತಲೂ ಇಲ್ಲ ಇತ್ತಲೂ ಇಲ್ಲ.
"ಈಗ ಅದು ಯೋಚಿಸ್ತದೆ," ಅಂದ.
ನನಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು
ಒಂದು ಹೂ ಬಿಟ್ಟ. ಹೂ ಕದಲಲಿಲ್ಲ.
ನನ್ನ ಮುಂದೆ ಅವನ ಕುತ್ತಿಗೆ,
ಸವೆದದ್ದನ್ನು ತಿರುಗಿಸಿ ಹೊಲಿಸಿದ ಕಾಲರು.
ಸೋಮವಾರಕ್ಕೂ ಇದೇ ಅಂಗಿ, ಇಸ್ತ್ರಿ ಮಾಡಿಸಿ, ಅನ್ನಿಸಿತು.

"ಆಯಿಯ ಹೆಸರು?" ಕೇಳಿದ, ತಿರುಗದೆ.
ಪೊಲೀಸರಿಗೂ ಕೊಡದ ಹೆಸರು. ಶೇವಂತಿ, ಅಂದೆ.
ಅವನು ಅದನ್ನು ನೀರಿಗೆ ಒಮ್ಮೆ ಹೇಳಿದ,
ಪರಿಚಯ ಮಾಡಿಕೊಡುವಂತೆ. ಎಳ್ಳು ಬಿಟ್ಟ.

ಕೈ ಯಾವಾಗ ಸಡಿಲಿತೋ. ಮಡಕೆ ಬಟ್ಟೆಸಮೇತ ಹೋಯಿತು,
ಗುಳುಂ ಎಂದು. ಬೂದಿ ಮಾಡದ ಸದ್ದು.
ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಕಿಸೆಯಿಂದ ವಹಿ ತೆಗೆದು, ಟಾರ್ಚು ಹಲ್ಲಲ್ಲಿ ಕಚ್ಚಿ,
ಬರೆದ.
"ಭಾರ ಇತ್ತು," ಅಂದ ಏಳುತ್ತ.
"ಹೂಂ."
"ಹನ್ನೊಂದು ಹದಿಮೂರು. ಒಂಬತ್ತು ನಿಮಿಷ ಮೊದಲೇ ಬಿಟ್ಟಿರಿ."

ಫೋನು ತೊಡೆಯ ಮೇಲೆ ನಡುಗಿತು, ನಿಂತಿತು, ನಡುಗಿತು.
ಮಾಜಾಳಿಗೆ ಇನ್ನೊಬ್ಬ ಮಿಸ್ತ್ರಿ ಗೊತ್ತು.
ಅವನಿಗೆ ಈಗ ಕೆಲಸ ಎರಡು.

ಶನಿವಾರ ಬೆಳಗ್ಗೆ ದೇವಬಾಗದ ಮರಳಿನಲ್ಲಿ
ಕೆಂಪು ಬಟ್ಟೆ ಬಿದ್ದಿತ್ತು. ನಾವಿಬ್ಬರೂ ದೋಣಿಯಿಂದ ನೋಡಿದೆವು.
ಅವನು ಏನೂ ಅನ್ನಲಿಲ್ಲ, ಗಡಿಯಾರ ನೋಡಿಕೊಂಡ.
ಬಳಚಿನ ಹೆಂಗಸೊಬ್ಬಳು ಅದನ್ನೆತ್ತಿ ಹಿಂಡಿ, ಕೊಡವಿ,
ಸಿಂಬೆ ಸುತ್ತಿ ತಲೆಗಿಟ್ಟು
ಬುಟ್ಟಿ ಹೊತ್ತಳು.