ಹದಿನಾಲ್ಕು

ಸೋತ ಸುದ್ದಿ ನಮಗೆ ರೇಡಿಯೋದಲ್ಲಿ ಬರಲಿಲ್ಲ.
ಅದು ‘ಹಿಂದೆ ಸರಿದಿದ್ದೇವೆ’ ಎಂದಿತ್ತು, ಅಷ್ಟೆ.
ಬೊಮ್ಡಿಲಾ ಎಂಬ ಹೆಸರು ಕೇಳಿ
ಬೊಮ್ಮಸಂದ್ರದ ಹತ್ತಿರವೇನೋ ಎಂದು ಅಜ್ಜಿ
ಹಗಲಲ್ಲೇ ಅಗುಳಿ ಹಾಕಿಸಿದಳು.

ಸೋಲು ಬಂದದ್ದು ಆಮೇಲೆ, ಸಂಕ್ರಾಂತಿಯ ಎಳ್ಳು ಹುರಿಯುವ ವಾರ,
ಕಚೇರಿಯ ಗೋಡೆಗೆ ಹಚ್ಚಿದ ಒಂದು ಹಾಳೆಯಾಗಿ.
ಅಂಟು ಇನ್ನೂ ಹಸಿಯಿತ್ತು.
ಹೊಸ ಒಡವೆಗೆ ಇನ್ನು ಮುಂದೆ
ಹದಿನಾಲ್ಕು ಕ್ಯಾರೆಟ್ ಮೀರಿದ ಚಿನ್ನ ಕೂಡದು.
ಅಪ್ಪ, ವೀರಬ್ರಹ್ಮಾಚಾರಿ, ಎರಡು ಸಲ ಓದಿದ.
‘ರಾಮನಿಗೂ ಅಷ್ಟೇ ಕೊಟ್ಟದ್ದು’ ಅಂದ.
ನಗಲಿಲ್ಲ.

ಎರಡು ತಿಂಗಳ ಹಿಂದೆ ಇದೇ ಅಪ್ಪನನ್ನು
ಮೈದಾನದಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು,
ಹೆಂಗಸರು ದೇಶಕ್ಕೆ ಕೊಟ್ಟ ಚಿನ್ನ ತೂಗಲು.
ಸಾಲಿನಲ್ಲಿ ನಿಂತು ಬಂದ ಅಮ್ಮ ಓಲೆ ಬಿಚ್ಚಿ ತಟ್ಟೆಗಿಟ್ಟಳು.
ತಾನೇ ಬೆಸೆದ ಓಲೆಯನ್ನು ಅಪ್ಪ
ಯಾರದ್ದೋ ಎಂಬಂತೆ ಒರೆಗೆ ಹಚ್ಚಿ
‘ಮೂವತ್ತೆರಡು ಗುಲಗಂಜಿ’ ಎಂದು ಬರೆಸಿದ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನೆಂದು
ಆಡಿಕೊಳ್ಳುತ್ತಿದ್ದ ಊರು ಚಪ್ಪಾಳೆ ತಟ್ಟಿತು.
ತೂತು ಮುಚ್ಚದಿರಲೆಂದು ಅಮ್ಮ
ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು.

ದೆಲ್ಲಿಯಲ್ಲಿ ಮಂತ್ರಿಯೊಬ್ಬರು ಹೋದರಂತೆ.
ಸಂಬಳದವರ ಸಂಬಳ ಹಿಡಿಯುತ್ತಾರಂತೆ.
ಟೀ ಅಂಗಡಿಯಲ್ಲಿ ಹಿಮಾಲಯವನ್ನು
ಯಾರು ಎಲ್ಲಿ ಬಿಟ್ಟುಕೊಟ್ಟರೆಂದು ಬೆಂಚು ಮುರಿಯುವಷ್ಟು ಜಗಳ.
ಗಣಿಯ ಕೆಂಬಾವುಟದ ಇಬ್ಬರನ್ನು
ರಾತ್ರೋರಾತ್ರಿ ಜೀಪಿನಲ್ಲಿ ಒಯ್ದರು.
ಅಪ್ಪನ ಹತ್ತಿರ ತಗಡು ಕೊಂಡು
ಹಲ್ಲಿಗೆ ಚಿನ್ನ ಕಟ್ಟುತ್ತಿದ್ದ ಚೀನೀ ಡಾಕ್ಟರು
ಒಂದು ಬೆಳಿಗ್ಗೆ ಇರಲಿಲ್ಲ. ಬೋರ್ಡಿಗೆ ಸಗಣಿ ಎರಚಿದ್ದರು.

ಎಂಟು ಮೈಲಿ ಆಚೆ ನೆಲದ ಕರುಳಿನಿಂದ ತೆಗೆದದ್ದು
ಬೀಗದ ಪೆಟ್ಟಿಗೆಯಲ್ಲಿ, ಬಂದೂಕಿನ ನೆರಳಲ್ಲಿ
ನಮ್ಮ ಸ್ಟೇಷನ್ ದಾಟಿ ಹೋಗುತ್ತಲೇ ಇತ್ತು.
ಊರ ಹೆಸರು ಬಂಗಾರಪೇಟೆ.
ಹೆಸರಿಗೆ ಕ್ಯಾರೆಟ್ಟಿನ ಲೆಕ್ಕವಿಲ್ಲ, ಉಳಿಯಿತು.

ಕಾಳಪ್ಪಾಚಾರಿ ಪ್ಲಾಟ್‌ಫಾರ್ಮಿನಲ್ಲಿ ಕಡಲೆಕಾಯಿಗೆ ಕೂತ.
ಚಿನ್ನದ ತಕ್ಕಡಿಯ ಕೈ, ಒಂದು ಕಾಯಿ ಹೆಚ್ಚಾದರೂ
ತೆಗೆದಿಡುತ್ತಿತ್ತು. ಯಾರು ಕೊಳ್ಳುತ್ತಾರೆ?
ಮೇಲಿನ ಬೀದಿಯ ಮೌನಾಚಾರಿ ಕೆರೆಯ ಕಡೆ ಹೋದ.
ಚಪ್ಪಲಿ ಏರಿಯ ಮೇಲಿತ್ತು.
ಅಪ್ಪ ಸೀಮೆಎಣ್ಣೆ ಸ್ಟೌವಿನ ತೂತು ಮುಚ್ಚುತ್ತಿದ್ದ.

ಆಗ ಬಂದಳು ಬೂದಿಕೋಟೆಯ ಗಂಗುಲಮ್ಮ.
ಸೆರಗಿನಲ್ಲಿ ತಂತಿ: ಗಂಡ ಕಾಣೆಯಾಗಿದ್ದಾನೆ.
ಇನ್ನೊಂದು ಗಂಟಿನಲ್ಲಿ ತಾಳಿ, ಕೊಂಡಿ ಸವೆದು ಹರಿದದ್ದು.
‘ಕಟ್ಟಿಕೋ ಅಂತಲೂ ಸರ್ಕಾರ ಹೇಳಿಲ್ಲ ಆಚಾರಪ್ಪ,
ಬಿಚ್ಚಿಡು ಅಂತಲೂ ಹೇಳಿಲ್ಲ.
ಹೇಳೋ ತನಕ ಉದುರಬಾರದು.’

ಅಪ್ಪಟ ಚಿನ್ನ. ಅದಕ್ಕೆ ಹದಿನಾಲ್ಕು ಬೆಸೆಯಲು
ಅಪ್ಪನಿಗೆ ಕೈ ಬರಲಿಲ್ಲ. ಮನೆಯಲ್ಲಿ ಚೂರೂ ಇರಲಿಲ್ಲ.
ಆ ರಾತ್ರಿ, ಇಪ್ಪತ್ತು ವರ್ಷ ಕೂತು ಕೆಲಸ ಮಾಡಿದ
ಚಾಪೆಯನ್ನು ಮಡಿಸಿ ಒಲೆಗೆ ಹಾಕಿದ.
ಎಷ್ಟೋ ಮದುವೆಗಳ ಅರದ ಪುಡಿ
ಅದರ ಎಳೆಯೆಳೆಯಲ್ಲಿ ಕೂತಿತ್ತು.
ಬೂದಿ ತೊಳೆದು, ಜಾಲಿಸಿ, ಮತ್ತೆ ತೊಳೆದು
ಮೂಸೆಯ ತಳದಲ್ಲಿ ಸಾಸಿವೆಯಷ್ಟು.
ನಾನು ತಿದಿ ಒತ್ತಿದೆ. ಸುತ್ತಿಗೆಯ ಸದ್ದು ಮುಚ್ಚಲು
ಅಜ್ಜಿ ಅಷ್ಟು ಹೊತ್ತಿನಲ್ಲಿ ಬರಿಯ ಬೀಸುಕಲ್ಲು ತಿರುಗಿಸಿದಳು,
ಕಲ್ಲಿಗೆ ಕಲ್ಲು, ಒಂದು ಹಿಡಿ ರಾಗಿಯೂ ಇಲ್ಲದೆ.

‘ಕೂಲಿ?’
‘ಅವನು ಬಂದು ಕೊಡಲಿ.’

ಅವನು ಬಂದನೋ, ನಮಗೆ ಗೊತ್ತಾಗಲಿಲ್ಲ.
ಬೆಳಿಗ್ಗೆ ಅಪ್ಪ ಎಂದಿನಂತೆ ಅಡಿಗಲ್ಲಿನ ಮುಂದೆ
ಕೂರಲು ಬಗ್ಗಿದವನು
ಚಾಪೆ ಇಲ್ಲದ್ದು ನೋಡಿ ಒಂದು ಗಳಿಗೆ ತಡೆದ,
ಆಮೇಲೆ ನೆಲಕ್ಕೇ ಕೂತ.