ಖಾಲಿ ಗಾಡಿ ತೂಕ

ಹುಮನಾಬಾದ್ ರಸ್ತೆದ ದಾಲ್ ಮಿಲ್ಲಿನ ಗೇಟಿನ್ಯಾಗ
ಹನ್ನೊಂದು ವರ್ಷದಿಂದ ನಾ ಲಾರಿ ತೂಗಾಂವ.
ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ,
ಕಳೆದು ಉಳಿದದ್ದು ತೊಗರಿ.
ಚೀಟಿ ಹರಿದು ಕೊಡ್ತೀನಿ, ಡ್ರೈವರ್ ಜಗಳ ತೆಗೀತಾನ,
ಕಾಟಾ ಸುಳ್ಳು ಹೇಳಲ್ಲಪಾ ಅಂತೀನಿ.
ಹತ್ತು ಕಿಲೋದ ಒಳಗಿಂದು ಈ ಕಾಟಾಕ್ಕ ತಿಳಿಯಂಗಿಲ್ಲ,
ಅದನ್ನ ಮಾತ್ರ ಹೇಳಲ್ಲ.

ಜಗದೇವಿದು ಬ್ಯಾರೆ ಕಾಟಾ.
ಅಂಗನವಾಡಿ ತೊಲಿಗೆ ಕಟ್ಟಿದ ಗಡಿಯಾರದಂಥಾದ್ದು,
ಕೆಳಗ ನೀಲಿ ಬಟ್ಟೆಯ ಜೋಳಿಗಿ, ಎರಡು ಕಾಲಿಗೆ ಎರಡು ತೂತು.
ಒದ್ದಾಡೋ ಕೂಸು ನಿಲ್ಲೋತನ ಮುಳ್ಳೂ ನಿಲ್ಲಂಗಿಲ್ಲ.
ನೂರು ಗ್ರಾಂ ಏರಿದ್ರ ಆಕಿ
ಮನಿಗೆ ಬಂದು ಹೇಳ್ತಾಳ, ಊಟ ಬಡಿಸೋ ಮುಂದ,
ಮಂದಿ ಕೂಸಿನ ನೂರು ಗ್ರಾಂ.

ಈಗ ಮೊಬೈಲಿನ್ಯಾಗ ಒಂದು ಫಾರ್ಮ್ ಅದ.
ಹೆಸರು, ಸಂಬಳ, ಮದುವಿ ಆದ ತಾರೀಖು,
ಬಿ.ಪಿ., ಶುಗರ್, ಎಲ್ಲಾ ತುಂಬಿವಿ.
ನಿಂತದ್ದು ಒಂದೇ ಕಡೆ: ಮಗುವಿನ ವಯಸ್ಸು.
ಸೊನ್ನೆಯಿಂದ ಎರಡು. ಎರಡರಿಂದ ನಾಲ್ಕು. ನಾಲ್ಕರಿಂದ ಆರು.
ಇಪ್ಪತ್ತು ದಿನ ಆತು, ಬೆರಳು ಹೋಗ್ತದ, ತಿರುಗಿ ಬರ್ತದ,
ಅಷ್ಟರಾಗ ಅದೂ ಬ್ಯಾಸತ್ತು ತಾನೇ ಮುಚ್ಕೋತದ,
ಮತ್ತ ಪಾಸ್‌ವರ್ಡ್ ಕೇಳ್ತದ.

ನಮ್ಮವ್ವ ಗುರುಬಾಯಿ ಫರಸಿ ಮ್ಯಾಲ ಕಾಲು ಚಾಚಿ
ಅಣವೀರನ ಮೂರನೇದವನ್ನ ತಗೋರಿ ಅಂದಳು.
ರಕ್ತ ನಮ್ಮದು, ಮೂಗು ನಮ್ಮದು,
ಗುರ್ತಿಲ್ಲದ ಗಿಡದ್ದು ಯಾಕ?
ಅಣವೀರ ತಲಿ ಕೆಳಗ ಹಾಕ್ದ.
ಅವನ ಹೆಂಡತಿ ಚಹಾದ ಕಪ್ಪು ಒಳಗ ಒಯ್ದಾಕಿ
ಹೊರಗ ಬರಲಿಲ್ಲ.
ಆ ಹುಡುಗ ಕದದ ಸಂದಿಲಿಂದ ನನ್ನ ನೋಡಿದ,
ದನ ಕೇಳಲಾಕ ಬಂದ ಗಿರಾಕಿನ್ನ ನೋಡಿದಾಂಗ.
ನಾ ಎದ್ದು ಚಪ್ಪಲಿ ಹಾಕ್ಕೊಂಡೆ.

ಎಳೇದೇ ತಗೊಳ್ಳಾಮ್, ಆ ರಾತ್ರಿ ನಾ ಅಂದೆ,
ಏನೂ ನೆನಪಿರಂಗಿಲ್ಲ ಅದಕ್ಕ,
ಖಾಲಿ ಬರ್ತದ, ನಾವು ತುಂಬಿದ್ದೇ ತೂಕ.
ಜಗದೇವಿ ನಕ್ಕಳು, ಛಲೋ ನಗಿ ಅಲ್ಲ.
ಖಾಲಿ ಗಾಡಿ ಯಾವತ್ತರ ಸೊನ್ನೆ ತೋರಿಸ್ಯಾದೇನ್ರಿ
ನಿಮ್ಮ ಕಾಟಾದಾಗ?

ಇಲ್ಲ. ಎಂಟು ಟನ್, ಒಂಬತ್ತು ಟನ್.
ಟಯರು, ಟಾರ್ಪಾಲು, ಡ್ರೈವರನ ಸ್ಟೋವು, ದೇವರ ಫೋಟೋ,
ಹೋದ ಟ್ರಿಪ್ಪಿನ ಧೂಳು ಕೂಡ.

ನಾಲ್ಕರದ್ದು ಬಂದು, ರಾತ್ರಿ ಎದ್ದು ತನ್ನ ಅವ್ವನ್ನ ಕೇಳಿದ್ರ?
ಕೇಳ್ತದ, ಅಂದಳು.
ಆವಾಗ ಏನನ್ನಬೇಕು?
ನನಗೂ ಗೊತ್ತಿಲ್ಲ.
ಫ್ಯಾನು ಸುತ್ತಿಗೊಮ್ಮೆ ಕಟ್ ಅಂತಿತ್ತು.
ಆಮ್ಯಾಲ ಗೋಡಿ ಕಡೆ ಹೊಳ್ಳಿ, ಅರೆನಿದ್ದಿಯೊಳಗ,
ಹೊಸ ಆಯಾಗ ಕೆಲಸ ಕಲಿಸಿದಾಂಗ:
ಕೂಸು ಇಡೋ ಮೊದಲು ಜೋಳಿಗಿ ಅಷ್ಟೇ ತೂಗಿ
ಮುಳ್ಳು ತಿರುವಬೇಕು.
ಸೊನ್ನೆಗೆ ಬರಬೇಕಾದದ್ದು ಕಾಟಾ,
ಕೂಸಲ್ಲ.

ನನಗ ನಿದ್ದಿ ಹತ್ತಲಿಲ್ಲ.
ನಸುಕಿನ್ಯಾಗ ಮಿಲ್ಲಿಗೆ ಹೋಗಿ ನೋಡಿದ್ರ
ಮ್ಯಾಲ ಯಾವ ಗಾಡಿನೂ ಇಲ್ಲ,
ಮಿಷನ್ ಇಪ್ಪತ್ತು ಕಿಲೋ ತೋರಿಸ್ತಿತ್ತು.
ತೊಗರಿ ಹೊಟ್ಟು, ಇಬ್ಬನಿಗೆ ತೊಯ್ದು ಅಂಟಿದ್ದು.
ಬಾರಿಗಿ ತಗೊಂಡು ಮೂಲಿ ಮೂಲಿ ಹೊಡೆದೆ.
ಹತ್ತಕ್ಕ ಬಂತು.
ಬೋಲ್ಟಿನ ಸಂದಿಯೊಳಗಿನದ್ದೂ ಕಡ್ಡಿಲಿಂದ ಕೆದರಿ ತೆಗೆದೆ.
ಹತ್ತೇ.
ಗೇಟಿನ್ಯಾಗ ಲಾರಿ ಹಾರ್ನ್ ಹೊಡೀತು.

ಐತವಾರ ಕನ್ನಡಿ ಇಳಿಸಿದೆ.
ಮೊಳೆ ಕಿತ್ತು, ಒಂದೂವರೆ ಮೊಳ ಕೆಳಗ ಹೊಡೆದು.
ಜಗದೇವಿ ಯಾಕಂತ ಕೇಳಲಿಲ್ಲ,
ಕುಂತು ತಲಿ ಬಾಚ್ಕೊಂಡಳು.
ಯಾರರ ಕೇಳಿದ್ರ ಇಬ್ರೂ ಅಂತೀವಿ,
ಇನ್ನೂ ಏನೂ ಠರಾವ್ ಆಗಿಲ್ಲ.
ಅವ್ವ ಇಬತ್ತಿ ಹಚ್ಕೊಳ್ಳಲಾಕ ಬಂದು
ಬರೇ ಗೋಡಿಗೆ ಮುಖ ಕೊಟ್ಟು ಒಂದು ಗಳಿಗಿ ನಿಂತಳು,
ಬಗ್ಗಿದಳು, ಬೈದಳು:
ಇಷ್ಟು ಎತ್ತರದ್ದು ತಂದ್ರ ನಾ ಎತ್ತಿಕೊಳ್ಳಂಗಿಲ್ಲ ನೋಡು,
ಈಗೇ ಹೇಳ್ತೀನಿ.
ನನ್ನ ಸೊಂಟ ಸರಿ ಇಲ್ಲ.